ಎಂಟು ಹೆಸರುಗಳ ಎದುರು ಕೆಂಪು ಅಕ್ಷರ

ಕಳೆದ ವರ್ಷ ಮೇ ತಿಂಗಳ ಎರಡನೇ ವಾರ. ಯಲಹಂಕದಲ್ಲಿ ದಿನಾ ಮಧ್ಯಾಹ್ನ ಊಟದ ಹೊತ್ತಿಗೇ ಕರೆಂಟ್ ಹೋಗುತ್ತಿತ್ತು. ನಾನೂ ನನ್ನ ತಂಗಿ ಪ್ರಮೀಳಾಳೂ ಮುಂಬಾಗಿಲು ತೆರೆದಿಟ್ಟು, ಹಳೆಯ ಕ್ಯಾಲೆಂಡರ್ ಹಾಳೆಯಿಂದ ಗಾಳಿ ಬೀಸಿಕೊಳ್ಳುತ್ತಾ ಕೂತಿದ್ದೆವು. ಗೇಟಿನ ಹತ್ತಿರ ಯಾರೋ ಚಪ್ಪಲಿ ಬಿಟ್ಟ ಸದ್ದಾಯಿತು. ನೋಡಿದರೆ ಮುನಿರಾಜು.

ನಾನು ಹೆಬ್ಬಾಳದ ಕಡೆಯ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡಿ ರಿಟೈರ್ ಆದವಳು. ಈಗ ಎಪ್ಪತ್ನಾಲ್ಕು ವಯಸ್ಸು. ಮುನಿರಾಜು ಅಲ್ಲಿಯ ಅಟೆಂಡರ್. ಹುಣಸಮಾರನಹಳ್ಳಿಯವನು. ನನ್ನ ಕೈಕೆಳಗೇ ಇಪ್ಪತ್ತು ವರ್ಷ ಇದ್ದ. ಆ ತಿಂಗಳ ಕೊನೆಗೆ ಅವನ ರಿಟೈರ್‌ಮೆಂಟ್ ಎಂದು ನನಗೆ ಗೊತ್ತಿತ್ತು. ಪಾರ್ಟಿಗೆ ಕರೆಯಲು ಬಂದನೇನೋ ಅಂದುಕೊಂಡೆ.

"ಮಿಸ್, ನಾನು ಕಳ್ಳ ಅಂತೆ," ಅಂದ.

ಪ್ರಮೀಳಾ ಯಾವತ್ತೂ ಸುಮ್ಮನಿರುವವಳಲ್ಲ. "ಮೊದ್ಲು ಒಳಗೆ ಬಂದು ಮಜ್ಜಿಗೆ ಕುಡಿ ಮುನಿರಾಜು. ಆಮೇಲೆ ಕಳ್ಳ ಆಗೋದು," ಅಂದಳು.

"ನಗೋ ಮಾತಲ್ಲ ಚಿಕ್ಕಮ್ನೋರೆ," ಎನ್ನುತ್ತಾ ಅವನು ಪ್ಲಾಸ್ಟಿಕ್ ಕವರಿನಿಂದ ಒಂದು ಹಾಳೆ ತೆಗೆದು ನನ್ನ ಕೈಗೆ ಕೊಟ್ಟ. ಕಂಪ್ಯೂಟರಿನಿಂದ ಪ್ರಿಂಟ್ ತೆಗೆದ ಹಾಳೆ. ಅದರಲ್ಲಿ ಎಂಟು ಪುಸ್ತಕಗಳ ಹೆಸರು. ಒಂದೊಂದರ ಎದುರಿಗೂ ಕೆಂಪು ಅಕ್ಷರದಲ್ಲಿ 'ಲಾಸ್ಟ್' ಎಂದಿತ್ತು. ಅಂದರೆ ಕಳೆದುಹೋಗಿದೆ.

ಅವನು ನೀರು, ಮಜ್ಜಿಗೆ ಎರಡನ್ನೂ ಕುಡಿದು ನಿಧಾನವಾಗಿ ಹೇಳಿದ್ದು ಇಷ್ಟು. ಲೈಬ್ರರಿಯ ಪುಸ್ತಕಗಳಿಗೆಲ್ಲ ಬಾರ್‌ಕೋಡ್ ಚೀಟಿ ಅಂಟಿಸಿ, ಒಂದೊಂದನ್ನೂ ಸ್ಕ್ಯಾನ್ ಮಾಡಿ ಲೆಕ್ಕ ಹಾಕಿದರಂತೆ. ಬೇರೆ ಪುಸ್ತಕಗಳೂ ಕಳೆದುಹೋಗಿದ್ದವು, ಆದರೆ ಅವುಗಳನ್ನು ಕೊನೆಗೆ ಯಾರು ತೆಗೆದುಕೊಂಡಿದ್ದರು ಎಂಬ ದಾಖಲೆ ಇತ್ತು. ಈ ಎಂಟನ್ನು ಮಾತ್ರ ಯಾರೂ ಯಾವತ್ತೂ ಮನೆಗೆ ಒಯ್ದಿರಲಿಲ್ಲ. ಹಳೆಯ ಪುಸ್ತಕಗಳನ್ನಿಡುವ, ಬೀಗ ಹಾಕಿದ ಸ್ಟ್ಯಾಕ್ ರೂಮಿನಲ್ಲಿ ಇರಬೇಕಾದವು. ಬೀಗದ ಕೈ ಮುನಿರಾಜು ಹತ್ತಿರ. ಅದರ ಹಿಂದಿನ ವರ್ಷ ಹಳೆಯ ಪೇಪರ್ ಕಟ್ಟುಗಳನ್ನು ಆಫೀಸಿನವರ ಮಾತಿನಂತೆ ರದ್ದಿಗೆ ಹಾಕಿದ್ದವನೂ ಅವನೇ. ಅದರ ಜೊತೆ ಇವನ್ನೂ ತೂಕಕ್ಕೆ ಹಾಕಿರಬೇಕು ಎಂದು ಆಫೀಸ್ ಸೂಪರಿಂಟೆಂಡೆಂಟ್ ತೀರ್ಮಾನ ಮಾಡಿಬಿಟ್ಟಿದ್ದರು.

"ಅಂಗೆ ಮಾಡ್ದೆ, ತಪ್ಪಾಯ್ತು ಅಂತ ಬರ್ದುಕೊಡು, ಇಲ್ಲಿಗೇ ಮುಗಿಸ್ಬುಡಾನ ಅಂತಾರೆ ಮಿಸ್. ಬರ್ಕೊಡ್ದೆ ಇದ್ರೆ ರಿಲೀವಿಂಗ್ ಆರ್ಡರ್ ಇಲ್ವಂತೆ. ನಾನ್ ಮಾಡ್ದೆ ಇರೋದ್ನ ಎಂಗ್ ಬರ್ಕೊಡ್ಲಿ?"

"ಬರೀಬೇಡ," ಅಂದೆ.

"ಸೂಪರಿಂಟೆಂಡೆಂಟು ಚಿಕ್ಕಜಾಲದೋರು. ಅವ್ರ ನೆಂಟ್ರು ನಮ್ಮೂರಾಗವ್ರೆ. ಮಾತು ಊರಿಗೂ ಬಂದೈತೆ. ನನ್ನೆಂಡ್ತಿ ಅಂಗಡಿ ತಾವ ಓಗೋದೂ ಬಿಟ್ಟವ್ಳೆ. ಮೂವತ್ನಾಕು ವರ್ಸ ಮಿಸ್. ಒಂದು ಪೆನ್ಸಿಲ್ ಮನೆಗೆ ತಗೊಂಡೋಗಿಲ್ಲ."

ನಾನು ಹಾಳೆಯನ್ನು ಇನ್ನೊಮ್ಮೆ ಓದಿದೆ. ರಾಗಿ ಬೆಳೆಗೆ ಬರುವ ರೋಗಗಳು, ಪ್ರಥಮ ಚಿಕಿತ್ಸೆ, ಮನೆಯಲ್ಲಿ ಸೋಪು ತಯಾರಿಕೆ, ಬಾಣಂತಿಯ ಆಹಾರ... ಒಂದಕ್ಕೊಂದು ಸಂಬಂಧವಿಲ್ಲದ ಹೆಸರುಗಳು. ಯಾವ ಕಳ್ಳ ಇಂಥವನ್ನು ಆರಿಸಿಕೊಂಡು ಹೋಗುತ್ತಾನೆ? ಹೆಸರುಗಳನ್ನು ಎಲ್ಲೋ ಕಂಡ ಹಾಗಿತ್ತು, ಆದರೆ ಎಲ್ಲಿ ಎಂದು ಹೊಳೆಯಲಿಲ್ಲ. ಲೈಬ್ರರಿಯಲ್ಲಿ ಪುಸ್ತಕಕ್ಕೊಂದರಂತೆ ಸಾವಿರಾರು ಕಾರ್ಡ್ ಟೈಪ್ ಮಾಡಿದವಳಿಗೆ ಎಲ್ಲ ಹೆಸರೂ ಹಾಗೇ ಕಾಣುತ್ತವೆ.

ಫ್ರಾಂಕ್ಲಿ, ನನಗೆ ಹೋಗುವ ಮನಸ್ಸಿರಲಿಲ್ಲ. ಮಂಡಿ ನೋವು, ಬಿಸಿಲು, ಹೆಬ್ಬಾಳದ ಟ್ರಾಫಿಕ್. ಎಲ್ಲಕ್ಕಿಂತ ಹೆಚ್ಚಾಗಿ, ಯಾವುದಕ್ಕೂ ಯಾರ ಹತ್ತಿರವೂ ವಾದ ಮಾಡುವ ಶಕ್ತಿ ಉಳಿದಿಲ್ಲ ಎಂಬ ಭಾವನೆ. ಬ್ಯಾಂಕು, ಗ್ಯಾಸು, ಆಸ್ಪತ್ರೆ, ಎಲ್ಲಿ ಹೋದರೂ ಒಂದು ಸ್ಕ್ರೀನ್ ತೋರಿಸಿ "ಸಿಸ್ಟಮ್‌ನಲ್ಲಿ ಹೀಗೇ ಬರ್ತಿದೆ ಆಂಟಿ" ಅನ್ನುತ್ತಾರೆ. ಸಿಸ್ಟಮ್ ಎದುರು ಮುದುಕಿಯ ಮಾತಿಗೆ ಏನು ಬೆಲೆ? ಆದರೂ ಅವನು ಗೇಟು ದಾಟುವಾಗ "ನಾಳೆ ಹತ್ತೂವರೆಗೆ ಬರ್ತೀನಿ" ಅಂದುಬಿಟ್ಟೆ.

ಮರುದಿನ ಬಸ್ಸಿನಲ್ಲಿ ಹೋಗುವಾಗ ಫ್ಲೈಓವರ್ ಮೇಲೆ ಅರ್ಧ ಗಂಟೆ ನಿಂತೇ ಇದ್ದೆವು. ಲೈಬ್ರರಿ ಮೆಟ್ಟಿಲು ಹತ್ತುವಷ್ಟರಲ್ಲಿ ನನಗೆ ಸಾಕುಸಾಕಾಗಿತ್ತು. ನಮ್ಮ ಕಾಲದ ಕಾರ್ಡ್ ಡ್ರಾಯರ್‌ಗಳು ಹಾಲ್‌ನಿಂದ ಮಾಯವಾಗಿದ್ದವು. ಆ ಜಾಗದಲ್ಲಿ ಎರಡು ಕಂಪ್ಯೂಟರ್, ಎರಡು ಪ್ಲಾಸ್ಟಿಕ್ ಕುರ್ಚಿ.

ಈಗಿನ ಲೈಬ್ರರಿಯನ್ ನಸ್ರೀನ್ ಎಂಬ ಹುಡುಗಿ. ಆರ್.ಟಿ. ನಗರದವಳು. ಕೆಲಸಕ್ಕೆ ಸೇರಿ ಎರಡು ವರ್ಷವೂ ಆಗಿರಲಿಲ್ಲ. ಫೋನಿನಲ್ಲಿ ಅಮ್ಮನ ಜೊತೆ ದಖ್ಖನಿ ಉರ್ದುವಿನಲ್ಲಿ ಏನೋ ಹೇಳುತ್ತಿದ್ದವಳು ನನ್ನನ್ನು ಕಂಡು ಫೋನ್ ಇಟ್ಟು ಎದ್ದು ನಿಂತಳು. ನಾನು ಜಗಳಕ್ಕೇ ತಯಾರಾಗಿ ಹೋಗಿದ್ದೆ.

"ಈ ಪುಸ್ತಕಗಳು ಕಳ್ಳತನ ಆಗಿವೆ ಅಂತ ಬರೆದವಳು ನೀನೇನಮ್ಮಾ?" ಅಂದೆ.

"ಅಯ್ಯೋ ಇಲ್ಲ ಮೇಡಂ. ಕಳ್ಳತನ ಅಂತ ನಾನೆಲ್ಲಿ ಬರ್ದೆ?" ಅವಳ ಮುಖ ಸಣ್ಣಗಾಯಿತು. "ಲಾಸ್ಟ್ ಅಂದ್ರೆ ಸ್ಕ್ಯಾನ್‌ಗೆ ಸಿಗಲಿಲ್ಲ ಅಂತ ಅಷ್ಟೇ. ಎಲ್ಲಾ ಅಂಟಿಸಿದ ಮೇಲೆ ಈ ಎಂಟರ ಬಾರ್‌ಕೋಡ್ ಚೀಟಿ ಹಾಗೇ ಮಿಕ್ತು. ಎಲ್ಲಾ ಕಡೆ ಹುಡುಕ್ದೆ, ಪುಸ್ತಕ ಇಲ್ಲ. ಸಿಸ್ಟಮ್ ತಾನೇ ಲಾಸ್ಟ್ ಅಂತ ಹಾಕ್ತು. ನಾನ್ ಲಿಸ್ಟ್ ಕೊಟ್ಟೆ, ಸೂಪರಿಂಟೆಂಡೆಂಟ್ ಸರ್ ಅದನ್ನ ಕದ್ದಿದ್ದಾರೆ ಅಂತ ಓದ್ಕೊಂಡ್ರು. ಹೇಳಿದ್ರೂ ಕೇಳಲ್ಲ. ಮುನಿರಾಜು ಅಂಕಲ್ ಮುಖ ನೋಡೋಕೇ ಆಗ್ತಿಲ್ಲ ನಂಗೆ."

ಜಗಳ ಆಡುವ ಹುಮ್ಮಸ್ಸು ಇಳಿದುಹೋಯಿತು. "ಸರಿ, ನನಗೆ ಇದನ್ನ ಓದೋದು ಹೇಗೆ ಅಂತ ಹೇಳಿಕೊಡು," ಅಂದೆ.

ಅವಳು ಕುರ್ಚಿ ಎಳೆದು ನನ್ನನ್ನು ಕೂರಿಸಿದಳು. ಮುನಿರಾಜು ನಮ್ಮ ಹಿಂದೆ ಕೈಕಟ್ಟಿ ನಿಂತ. ಮೊದಲು ನಾನೇ 'ಪ್ರಥಮ ಚಿಕಿತ್ಸೆ' ಎಂದು ಹುಡುಕಿಸಿದೆ. ಬಂದವು ನೋಡಿ, ಒಂದರ ಕೆಳಗೊಂದು ನಲವತ್ತೋ ಐವತ್ತೋ. ಇತಿಹಾಸದ ಪುಸ್ತಕವೂ ಅದರಲ್ಲಿ ಇತ್ತು.

"ಇದೇನು ಕ್ರಮ? ಅಕ್ಷರದ್ದೂ ಅಲ್ಲ, ವರ್ಷದ್ದೂ ಅಲ್ಲ."

"ರೆಲವೆನ್ಸ್ ಮೇಡಂ. ನಿಮಗೆ ಯಾವುದು ಬೇಕಾಗಿರಬಹುದು ಅಂತ ಸಿಸ್ಟಮ್ ಅಂದಾಜು ಮಾಡಿ ಮೇಲೆ ಇಡತ್ತೆ."

"ಮದುವೆ ಬ್ರೋಕರ್ ಇದ್ದಂಗೆ," ಅಂದ ಮುನಿರಾಜು. ಅವತ್ತು ಅವನು ಆಡಿದ ಮೊದಲ ತಮಾಷೆ ಅದು. ಮೂವರೂ ನಕ್ಕೆವು.

ನಸ್ರೀನ್ ಒಂದೊಂದಾಗಿ ತೋರಿಸಿದಳು. ಮೇಲೆ ಪುಸ್ತಕದ ಹೆಸರು, ಅದರ ಕೆಳಗೆ ಬರೆದವರದು. ಆಮೇಲೆ ಯಾವ ಶೆಲ್ಫಿನಲ್ಲಿದೆ ಎಂದು ಹೇಳುವ ನಂಬರು. ಕೊನೆಗೆ ಬಣ್ಣದ ಪದ. ಹಸಿರಿದ್ದರೆ ಒಳಗಿದೆ, ಕಿತ್ತಳೆ ಇದ್ದರೆ ಯಾರೋ ಒಯ್ದಿದ್ದಾರೆ, ಕೆಂಪಾದರೆ ಸಿಗಲಿಲ್ಲ. ನಾನು ಬಣ್ಣಗಳನ್ನು ಬಿಟ್ಟು ಬೇರೆ ಏನನ್ನೋ ಹುಡುಕುತ್ತಿದ್ದೆ.

"ಅಕ್ಸೆಷನ್ ನಂಬರ್ ಎಲ್ಲಿ?"

ಹೊರಗಿನವರಿಗೆ ಇದು ಗೊತ್ತಿರಲಿಕ್ಕಿಲ್ಲ. ಲೈಬ್ರರಿಗೆ ಪುಸ್ತಕ ಬಂದ ದಿನ ದೊಡ್ಡ ರಿಜಿಸ್ಟರಿನಲ್ಲಿ ಅದಕ್ಕೊಂದು ಸಾಲು ನಂಬರು ಬೀಳುತ್ತದೆ. ಮೊದಲು ಬಂದದ್ದಕ್ಕೆ ಮೊದಲ ನಂಬರು. ಪುಸ್ತಕ ಯಾವ ವಿಷಯದ್ದೇ ಇರಲಿ, ಯಾವ ಶೆಲ್ಫಿಗೇ ಹೋಗಲಿ, ಆ ನಂಬರು ಬದಲಾಗುವುದಿಲ್ಲ. ನಮ್ಮ ಕಾಲದಲ್ಲಿ ನಾವು ಪುಸ್ತಕವನ್ನು ಗುರುತಿಸುತ್ತಿದ್ದುದೇ ಅದರಿಂದ.

"ಹೆಸರಿನ ಮೇಲೆ ಕ್ಲಿಕ್ ಮಾಡಿದ್ರೆ ಒಳಗಡೆ ಬರತ್ತೆ ಮೇಡಂ. ಹೊರಗಡೆ ಯಾರೂ ನೋಡಲ್ಲ ಅಂತ ಹೈಡ್ ಮಾಡಿದ್ದಾರೆ."

ಒಂದೊಂದೇ ಹೆಸರನ್ನು ತೆರೆಸಿ ನಂಬರನ್ನು ನನ್ನ ಬ್ಯಾಗಿನಲ್ಲಿದ್ದ ಔಷಧಿ ಚೀಟಿಯ ಹಿಂದೆ ಬರೆದುಕೊಂಡೆ. 6417. 6413. 6420. ಎಂಟೂ ಬರೆದ ಮೇಲೆ ಕನ್ನಡಕ ಒರೆಸಿಕೊಂಡು, ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದೆ. 6413ರಿಂದ 6420ರವರೆಗೆ ನಡುವೆ ಒಂದೂ ಬಿಟ್ಟುಹೋಗದೆ ಸಾಲಾಗಿ ನಿಂತವು. ಹುಡುಕಿದ ಹೆಸರುಗಳು ಸ್ಕ್ರೀನ್ ಮೇಲೆ ಎಲ್ಲೆಲ್ಲೋ ಚೆದುರಿದ್ದರಿಂದ ಇಷ್ಟು ದಿನ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

"6412 ಯಾವುದು ನೋಡು," ಅಂದೆ.

ಅವಳು ಟೈಪ್ ಮಾಡಿದಳು. ರೇಷ್ಮೆ ಹುಳು ಸಾಕಣೆ. ಇಪ್ಪತ್ನಾಲ್ಕು ಪುಟ. ಸ್ಟ್ಯಾಕ್ ರೂಮ್. ಹಸಿರು ಅಕ್ಷರ, ಅವೇಲಬಲ್. "ಇದು ಇದೆಯಲ್ಲ ಮೇಡಂ. ಇದಕ್ಕೆ ನಾನೇ ಚೀಟಿ ಅಂಟಿಸಿದ್ದೀನಿ."

ಕಂದು ಬಣ್ಣದ ಬಟ್ಟೆಯ ರಟ್ಟು ಕಣ್ಣ ಮುಂದೆ ಬಂತು.

"ಮುನಿರಾಜು, ಹೋಗಿ ಅದನ್ನ ತಗೊಂಬಾ."

ಅವನು ತಂದದ್ದು ಮೂರು ಬೆರಳು ದಪ್ಪದ ಪುಸ್ತಕ. ಬೆನ್ನ ಮೇಲೆ ಒಂದೇ ಹೆಸರು, ರೇಷ್ಮೆಯದು. "ಇಪ್ಪತ್ನಾಲ್ಕು ಪುಟ ಇಷ್ಟು ದಪ್ಪ ಇರತ್ತಾ?" ಎಂದು ನಸ್ರೀನ್ ತೆರೆದಳು. ಇಪ್ಪತ್ನಾಲ್ಕನೇ ಪುಟ ಮುಗಿದ ಕೂಡಲೇ ರಾಗಿಯ ರೋಗಗಳು. ಅದಾದ ಮೇಲೆ ಸೋಪು. ಅದಾದ ಮೇಲೆ ಬಾಣಂತಿ. ಎಂಟಕ್ಕೆ ಎಂಟೂ ಅದರೊಳಗೇ ಇದ್ದವು.

ಮುನಿರಾಜು ಪುಸ್ತಕವನ್ನು ಮುಟ್ಟದೆ ಬಗ್ಗಿ ನೋಡಿದ. "ಇದ್ನ ವಾರಕ್ಕೊಂದ್ಸಲ ದೂಳು ಒರೆಸಿವ್ನಿ ಮಿಸ್," ಅಂದ. ಅವನ ಕಣ್ಣು ಒದ್ದೆಯಾಗಿತ್ತು.

ಆದದ್ದು ಏನೆಂದು ಅಷ್ಟು ಹೊತ್ತಿಗೆ ನನಗೆ ಪೂರ್ತಿ ನೆನಪಾಗಿತ್ತು. ಮುನಿರಾಜು ಕೆಲಸಕ್ಕೆ ಸೇರುವುದಕ್ಕೆ ಮೂರ್ನಾಲ್ಕು ವರ್ಷ ಮೊದಲಿನ ಮಾತು. ಯಾರೋ ಒಂದು ಕಂತೆ ತೆಳ್ಳನೆಯ ಪುಸ್ತಿಕೆಗಳನ್ನು ಲೈಬ್ರರಿಗೆ ದಾನ ಕೊಟ್ಟಿದ್ದರು. ಒಂದೊಂದಕ್ಕೂ ನಂಬರು ಹಾಕಿದೆ, ಒಂದೊಂದಕ್ಕೂ ಕಾರ್ಡ್ ಟೈಪ್ ಮಾಡಿದೆ. ಅಷ್ಟು ತೆಳ್ಳಗಿರುವವು ಶೆಲ್ಫಿನಲ್ಲಿ ನಿಲ್ಲುವುದಿಲ್ಲ, ಜಾರಿ ಹಿಂದೆ ಬಿದ್ದು ಹಾಳಾಗುತ್ತವೆ. ಅದಕ್ಕೇ ಇಂಥವನ್ನು ಒಟ್ಟಿಗೆ ಹೊಲಿಸಿ ಒಂದು ರಟ್ಟು ಹಾಕಿಸುವುದು ನಮ್ಮಲ್ಲಿ ರೂಢಿ. ಆ ಒಂಬತ್ತನ್ನೂ ಹಾಗೇ ಮಾಡಿಸಿದೆ. ಬೈಂಡರ್ ತಂದುಕೊಟ್ಟ ಮೇಲೆ ಮೊದಲನೆಯದನ್ನು ಬಿಟ್ಟು ಉಳಿದ ಎಂಟೂ ಕಾರ್ಡುಗಳನ್ನು ಹೊರಗೆ ತೆಗೆದು, 'ಇದು 6412ರ ಜೊತೆ ಸೇರಿದೆ' ಎಂದು ಒಂದೊಂದರ ಮೇಲೂ ಟೈಪ್ ಮಾಡಬೇಕು. ಅದು ನನ್ನ ಕೆಲಸ. ಅವತ್ತು ಶನಿವಾರ. ಮ್ಯಾಟಿನಿ ಶೋಗೆ ಪ್ರಮೀಳಾ ಟಿಕೆಟ್ ತೆಗೆದಿಟ್ಟಿದ್ದಳು. ನಾನು ಮೊದಲ ಕಾರ್ಡಿನ ಹಿಂದೆ ಪೆನ್ಸಿಲಿನಲ್ಲಿ ಒಂದು ಸಾಲು ಗೀಚಿ ಹೊರಟೆ.

ನಸ್ರೀನ್ ಜಾಣೆ. ಯಾರೂ ಹೇಳದೆಯೇ ಒಳಗೆ ಹೋಗಿ, ಅಲ್ಲಿ ಸೇರಿಸಿಟ್ಟಿದ್ದ ಹಳೆಯ ಡ್ರಾಯರಿನಿಂದ 6412ರ ಕಾರ್ಡ್ ತಂದಳು. ಮುಂದೆ ಟೈಪ್ ಮಾಡಿದ ಅಕ್ಷರ. ಹಿಂದೆ ತಿರುಗಿಸಿದರೆ ಪೆನ್ಸಿಲಿನಲ್ಲಿ ನನ್ನ ಕಾನ್ವೆಂಟ್ ಕೈಬರಹ, ಉದ್ದ ಬಾಲದ 'y' ಅಕ್ಷರಗಳು. ಇದರ ಜೊತೆ ಇನ್ನೂ ಎಂಟು ಬೈಂಡ್ ಆಗಿವೆ, ಸೋಮವಾರ ಕಾರ್ಡ್ ತಿದ್ದಬೇಕು ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ನಾನು ರಿಟೈರ್ ಆದ ಮೇಲೆ ಹೊರಗಿನ ಹುಡುಗರು ಬಂದು ಕಾರ್ಡುಗಳನ್ನು ಕಂಪ್ಯೂಟರಿಗೆ ಏರಿಸಿದ್ದರು. ಅವರು ಮುಂಭಾಗ ಮಾತ್ರ ನೋಡಿದ್ದರು. ಹಿಂದೆ ಏಕೆ ನೋಡುತ್ತಾರೆ? ನನ್ನ ಕಾಲದಲ್ಲಿ ಸ್ಟಾಕ್ ಚೆಕಿಂಗ್ ಬಂದಾಗಲೆಲ್ಲ ನಾನು ಆ ಎಂಟು ನಂಬರಿಗೂ ನೆನಪಿನಿಂದಲೇ ಟಿಕ್ ಹಾಕುತ್ತಿದ್ದೆ. ನನಗೆ ಗೊತ್ತಿದೆಯಲ್ಲ, ಸಾಕು ಎಂದು. ಕೊನೆಕೊನೆಗೆ ಯಾಕೆ ಟಿಕ್ ಹಾಕುತ್ತೇನೆ ಎಂಬುದೂ ಮರೆತಿತ್ತು, ಕೈಗೆ ಮಾತ್ರ ಅಭ್ಯಾಸವಾಗಿತ್ತು.

ನಸ್ರೀನ್ ಕಾರ್ಡ್ ಓದಿದಳು, ನನ್ನ ಮುಖ ನೋಡಿದಳು, ಏನೂ ಹೇಳದೆ ಪುಸ್ತಕದೊಳಗೆ ಇಟ್ಟಳು. ಮುನಿರಾಜುಗೆ ಇಂಗ್ಲಿಷ್ ಬರುವುದಿಲ್ಲ.

ಪುಸ್ತಕ ತೆಗೆದುಕೊಂಡು ಮೂವರೂ ಸೂಪರಿಂಟೆಂಡೆಂಟ್ ಹತ್ತಿರ ಹೋದೆವು. ಅವರು ನಾಲ್ಕು ಹಾಳೆ ತಿರುವಿ, "ಓಹೋ, ಕಂಪ್ಯೂಟರ್ ಮಿಸ್ಟೇಕಾ? ಸರಿ ಬಿಡಿ ಮೇಡಂ, ಸಿಕ್ತಲ್ಲ. ಆರ್ಡರ್ ಮಾಡಿಸ್ತೀನಿ," ಅಂದರು. ಮುನಿರಾಜು ಕಡೆ ತಿರುಗಿ ಒಂದು ಮಾತನ್ನೂ ಆಡಲಿಲ್ಲ. ಅವರ ಮೇಲೆ ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಕಂಪ್ಯೂಟರ್ ಮಿಸ್ಟೇಕ್ ಎಂದು ಅವರು ಅಂದಾಗ ನಾನೂ ತಲೆ ಆಡಿಸಿದ್ದೆನಲ್ಲ.

ಮುನಿರಾಜು ನಮ್ಮನ್ನು ಬಿಡದೆ ಕ್ಯಾಂಟೀನಿಗೆ ಕರೆದುಕೊಂಡು ಹೋದ. ಎದುರಿಗೆ ಸಿಕ್ಕವರಿಗೆಲ್ಲ "ನಮ್ ಮಿಸ್ಸು ಬಂದ್ರು, ಅರ್ಧ ಗಂಟೇಲಿ ಕಂಡುಹಿಡಿದ್ಬುಟ್ರು. ಹಳೇ ಕಾಲದೋರ ತಲೆ ಅಂದ್ರೆ ಏನು!" ಎನ್ನುತ್ತಿದ್ದ. ಟೀ ಬಂತು. ನಸ್ರೀನ್ ಲೋಟದೊಳಗೇ ನೋಡುತ್ತಾ ಕೂತಿದ್ದಳು. ಆ ಹುಡುಗಿ ಒಂದು ಮಾತು ಆಡಿಬಿಟ್ಟಿದ್ದರೆ ನಾನು ಏನಾದರೂ ಸಮಜಾಯಿಷಿ ಕೊಡುತ್ತಿದ್ದೆನೇನೋ. ಅವಳು ಸುಮ್ಮನಿದ್ದದ್ದನ್ನು ಮಾತ್ರ ನನ್ನಿಂದ ತಡೆದುಕೊಳ್ಳಲಾಗಲಿಲ್ಲ.

"ಮುನಿರಾಜು, ಕಂಪ್ಯೂಟರ್ ಮಿಸ್ಟೇಕ್ ಅಲ್ಲ ಕಣೋ," ಅಂದೆ. ಎಲ್ಲವನ್ನೂ ಹೇಳಿದೆ. ಶನಿವಾರ, ಸಿನಿಮಾ, ಪೆನ್ಸಿಲ್.

ಅವನು ಲೋಟ ಕೆಳಗಿಟ್ಟ. ಆಮೇಲೆ, "ಯಾವ ಸೋಮ್ವಾರ ಮಿಸ್?" ಅಂದ.

"ಆ ಸೋಮವಾರ ಮಾಡಲಿಲ್ಲ. ಆಮೇಲೂ ಮಾಡಲಿಲ್ಲ."

"ಇದ್ನ ಅಲ್ಲಿ, ಅವ್ರ ಮುಂದೆ, ಯಾಕ್ ಏಳ್ನಿಲ್ಲ?"

ನಾಚಿಕೆ ಆಯಿತು ಎಂದೆ. ಅವನು ತಲೆ ಅಲ್ಲಾಡಿಸಿದ.

"ನಂಗೂ ಆರು ವಾರದಿಂದ ಅದೇ ಆಗಿರೋದು ಮಿಸ್," ಅಂದ. ಧ್ವನಿ ಏರಿಸಲಿಲ್ಲ. "ಓಗಿ ಅವ್ರಿಗೆ ಏಳಿ. ಬಾಯಲ್ಲಿ ಬ್ಯಾಡ. ನಂಗೆ ಬರ್ದುಕೊಡು ಅಂದ್ರಲ್ಲ, ಅಂಗೇ ನೀವೂ ಬರ್ದುಕೊಡಿ. ಕನ್ನಡದಲ್ಲಿ ಬರೀರಿ. ನಮ್ಮನೆಯೋಳು ಓದ್ಬೇಕು."

ಮೆಟ್ಟಿಲು ಮತ್ತೆ ಹತ್ತಿದೆ. ನಸ್ರೀನ್ ಬಿಳಿ ಹಾಳೆ ಕೊಟ್ಟಳು. ಜೀವನವಿಡೀ ಆಫೀಸಿನ ಪತ್ರಗಳನ್ನು ಇಂಗ್ಲಿಷಿನಲ್ಲೇ ಬರೆದವಳು ನಾನು. ಕನ್ನಡದ ಒತ್ತಕ್ಷರಗಳನ್ನು ಎರಡೆರಡು ಸಲ ತಿದ್ದಬೇಕಾಯಿತು. ಆದರೂ ಎರಡು ಪ್ರತಿ ಬರೆದೆ. ಈ ಎಂಟು ಪುಸ್ತಿಕೆಗಳು ಕಾಲೇಜಿನಿಂದ ಎಂದೂ ಹೊರಗೆ ಹೋಗಿಲ್ಲ, ಅವು ಕಾಣದಂತೆ ಆದದ್ದು ನಾನು ಮಾಡಬೇಕಾದ ಕೆಲಸ ಮಾಡದೆ ಬಿಟ್ಟದ್ದರಿಂದ, ಮುನಿರಾಜು ಅವರ ತಪ್ಪು ಇದರಲ್ಲಿ ಏನೂ ಇಲ್ಲ. ಮುನಿರಾಜು ಅವರ ಎಂದು ಬರೆಯುವಾಗ ಒಂದು ಕ್ಷಣ ನಿಂತೆ. ಅಷ್ಟು ವರ್ಷದಲ್ಲಿ ಅವನ ಹೆಸರಿಗೆ ನಾನು ಬಹುವಚನ ಸೇರಿಸಿದ್ದು ಅದೇ ಮೊದಲು.

ಸೂಪರಿಂಟೆಂಡೆಂಟ್ ಓದಿ ಮುಖ ಗಂಟಿಕ್ಕಿದರು. "ಇದೆಲ್ಲಾ ಯಾಕೆ ಮೇಡಂ? ನೀವು ರಿಟೈರ್ ಆಗಿ ಎಷ್ಟು ವರ್ಷ ಆಯ್ತು. ಈ ವಯಸ್ಸಲ್ಲಿ ನಿಮಗ್ಯಾಕೆ ತಲೆನೋವು? ಸುಮ್ನೆ ಕಂಪ್ಯೂಟರ್ ಮೇಲೆ ಹಾಕಿ ಹೋಗಿ."

"ನೀವು ಕಂಪ್ಯೂಟರ್ ಮೇಲೆ ಹಾಕಲಿಲ್ಲವಲ್ಲ, ಇವನ ಮೇಲೆ ಹಾಕಿದ್ರಿ," ಅಂದೆ. "ಎರಡು ಪ್ರತಿ ಇದೆ. ಎರಡಕ್ಕೂ ಸೀಲ್ ಹಾಕಿ ಕೊಡಿ. ಒಂದು ಫೈಲಿಗೆ, ಒಂದು ಇವನಿಗೆ."

ಅವರು ಬಾಗಿಲಲ್ಲಿ ನಿಂತಿದ್ದ ಮುನಿರಾಜುವನ್ನು ಒಂದು ಸಲ ನೋಡಿದರು. ಸೀಲ್ ಹಾಕಿದರು. ಕೊಡುವಾಗ "ಬೇಜಾರು ಮಾಡ್ಕೋಬೇಡಪ್ಪ" ಎಂದು ಮೇಜಿನ ಕಡೆ ನೋಡುತ್ತಾ ಅಂದರು. ಅಷ್ಟಾದರೂ ಅಂದರು.

ಹೊರಗೆ ಕಾರಿಡಾರಿನಲ್ಲಿ ಮುನಿರಾಜು ಕಾಗದವನ್ನು ನಿಂತುಕೊಂಡೇ ಓದಿದ. ಬೆರಳಿಟ್ಟು, ತುಟಿ ಅಲ್ಲಾಡಿಸುತ್ತಾ, ನಿಧಾನವಾಗಿ. ಎರಡು ಸಲ ಓದಿದ. ಆಮೇಲೆ ನಾಲ್ಕಾಗಿ ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡ. ನನ್ನನ್ನು ಬಸ್ ಸ್ಟಾಪಿನವರೆಗೆ ಬಿಡಲು ಬಂದ. ರಸ್ತೆ ದಾಟುವಾಗ ಎಂದಿನಂತೆ ನನ್ನ ಬ್ಯಾಗನ್ನು ತಾನೇ ಹಿಡಿದುಕೊಂಡಿದ್ದ. ಬಸ್ ಬಂದಾಗ ಅದನ್ನು ಕೊಡುತ್ತಾ, "ನೀವು ಏಳ್ದೆ ಇದ್ದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ ಮಿಸ್," ಅಂದ.

ಮುಂದಿನ ವಾರ ನಾನು ಮತ್ತೆ ಹೋಗಿ, ನಸ್ರೀನ್ ಪಕ್ಕ ಕೂತು, ಎರಡೇ ಬೆರಳಿನಲ್ಲಿ ಟೈಪ್ ಮಾಡಿ, ಎಂಟು ಹೆಸರುಗಳ ಕೆಳಗೂ ಸೇರಬೇಕಾದ ಸಾಲನ್ನು ಸೇರಿಸಿ ಬಂದೆ. ಈಗ ಯಾರು ಹುಡುಕಿದರೂ ಎಂಟೂ ಹಸಿರಾಗಿ ಕಾಣುತ್ತವೆ. ಮುನಿರಾಜು ತಿಂಗಳ ಕೊನೆಗೆ ಆರ್ಡರ್ ತೆಗೆದುಕೊಂಡು ಊರಿಗೆ ಹೋದ. ಅವನು ಫೋನ್ ಮಾಡಿಲ್ಲ. ನಾನೂ ಮಾಡಿಲ್ಲ. ಬಸ್ಸಿನ ಬಾಗಿಲಲ್ಲಿ ಅವನು ಅಂದ ಆ ಮಾತು ಕೃತಜ್ಞತೆಯೋ, ಇಷ್ಟು ವರ್ಷ ನನ್ನನ್ನು ನಂಬಿದ್ದಕ್ಕೆ ಪಟ್ಟ ನೋವೋ, ಒಂದು ವರ್ಷವಾದರೂ ನನಗೆ ತಿಳಿದಿಲ್ಲ. ಕೇಳಿ ತಿಳಿದುಕೊಳ್ಳುವಷ್ಟು ಧೈರ್ಯವೂ ಇಲ್ಲ.